‘ಹೀಗೆ’ ಎನ್ನದೆ ಕಲಿಸುವುದು: ಅಂತರ್ಜಾಲದ ಉಚಿತ ಗಿಟಾರ್ ಪಾಠಗಳೂ ಕನ್ನಡದ ಬೋಧನ ಗದ್ಯವೂ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಮೂರು ವರ್ಷಗಳಲ್ಲಿ ಓದುವ ಗದ್ಯವೆಲ್ಲ ಬಹುಮಟ್ಟಿಗೆ ಕಥೆ, ಕಾದಂಬರಿ, ಪ್ರಬಂಧ, ವಿಮರ್ಶೆಗಳಿಗೆ ಸೇರಿದುದು. ಓದುಗನ ಕೈಗೆ ಒಂದು ಕೆಲಸವನ್ನು ಕಲಿಸಿಕೊಡಲೆಂದೇ ಹುಟ್ಟಿದ ಬರವಣಿಗೆ ಪಠ್ಯದೊಳಗೆ ಬರುವುದು ಅಪರೂಪ. ಕನ್ನಡದಲ್ಲಿ ಅಂತಹ ಬರವಣಿಗೆ ಇಲ್ಲವೆಂದಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ ಬೇಸಾಯವನ್ನೂ ಅಂತರ್ಜಲ ಶೋಧನೆಯನ್ನೂ ವೈದ್ಯವನ್ನೂ ಅಡುಗೆಯನ್ನೂ ಕನ್ನಡದಲ್ಲಿ ಹೇಳಿತು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಲೆಕ್ಕವನ್ನು ಕಲಿಸಿದನು. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದಾಗ ಅವರ ಮುಂದಿದ್ದುದು ಮಕ್ಕಳಿಗೆ ಲೋಕವನ್ನು ಅವರ ಮಾತಿನಲ್ಲಿಯೇ ವಿವರಿಸುವ ಕೆಲಸ. ಈ ಪರಂಪರೆಯನ್ನು ‘ಬೋಧನ ಗದ್ಯ’ ಎಂದು ಕರೆಯಬಹುದು. ಹಳೆಯ ಕೃತಿಗಳಲ್ಲಿ ಪದ್ಯವೇ ಅದರ ವಾಹನವಾಗಿತ್ತೆಂಬುದನ್ನು ಮರೆಯಬಾರದು.

ಇಂದು ಈ ಬಗೆಯ ಬೋಧನೆಯ ಬಹುಪಾಲು ಪುಸ್ತಕವನ್ನು ಬಿಟ್ಟು ಪರದೆಗೆ ಬಂದಿದೆ. ಗಡಿಯಾಚೆಯ ಕನ್ನಡ ಊರುಗಳಲ್ಲಿ ಇದಕ್ಕೆ ಬೇರೆಯೇ ತೂಕವಿದೆ. ಬದಿಯಡ್ಕದಲ್ಲಿಯೋ ತಾಳವಾಡಿಯಲ್ಲಿಯೋ ಜತ್ತದ ಕಡೆಯ ಹಳ್ಳಿಯಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳ ಕೈಗೆ ಹಳೆಯ ಗಿಟಾರೊಂದು ಬಂದಿತೆನ್ನೋಣ. ಊರಿನಲ್ಲಿ ಗಿಟಾರ್ ಕಲಿಸುವವರಿಲ್ಲ. ಪೇಟೆಗೆ ಹೋಗಿ ಕಲಿಯಲು ಬಸ್ಸಿನ ಹಣವೂ ಗುರುದಕ್ಷಿಣೆಯೂ ಇಲ್ಲ. ಮೊಬೈಲಿನಲ್ಲಿ ಹುಡುಕಿದರೆ ಪಾಠಗಳು ಸಿಗುತ್ತವೆ, ಹಣವಿಲ್ಲದೆಯೇ ಸಿಗುತ್ತವೆ. ಆದರೆ ಮೊದಲು ಕಣ್ಣಿಗೆ ಬೀಳುವ ಪಾಠ ಇಂಗ್ಲಿಷಿನದು. ಅನಂತರದ್ದು ಹಿಂದಿ, ಮಲಯಾಳ, ತಮಿಳು ಅಥವಾ ಮರಾಠಿಯದು. ಅವಳು ಅದನ್ನು ಕಲಿತೇ ಕಲಿಯುತ್ತಾಳೆ. ಆದರೆ ಅವಳ ಮನಸ್ಸಿನಲ್ಲಿ ಒಂದು ವಿಂಗಡಣೆ ಸದ್ದಿಲ್ಲದೆ ನಡೆದುಹೋಗುತ್ತದೆ: ಕನ್ನಡವು ಪರೀಕ್ಷೆ ಬರೆಯುವ ಭಾಷೆ, ಕೈ ಕಲಿಯುವ ಭಾಷೆ ಬೇರೊಂದು. ಭಾಷೆಯೊಂದು ಮನೆಯಲ್ಲಿ ಹೀಗೆಯೇ ಕಿರಿದಾಗುವುದು. ಉಚಿತ ಗಿಟಾರ್ ಪಾಠ ಎಂಬ ಅಷ್ಟೇನೂ ಗಂಭೀರವಲ್ಲವೆಂದು ತೋರುವ ವಿಷಯವನ್ನು ಕನ್ನಡ ವಿಭಾಗದ ಪಾಠವಾಗಿ ಎತ್ತಿಕೊಳ್ಳಲು ಇದೇ ಕಾರಣ.

ಹೆಸರಿನ ಬಗೆಗೆ

‘ಗಿಟಾರ್’ ಅನ್ಯದೇಶ್ಯ ಶಬ್ದ. ಗ್ರೀಕಿನ ‘ಕಿತಾರ’, ಸ್ಪ್ಯಾನಿಷಿನ ‘ಗಿತಾರ್ರ’ಗಳ ದಾರಿಯಲ್ಲಿ ಅದು ಇಂಗ್ಲಿಷಿಗೆ ಬಂದು, ಅಲ್ಲಿಂದ ಕನ್ನಡಕ್ಕೆ ಇಳಿಯಿತು. ‘ಸಿತಾರ್’ ಎಂಬುದು ಪಾರಸಿಯ ‘ಸೆಹ್ ತಾರ್’, ಎಂದರೆ ಮೂರು ತಂತಿ, ಎಂಬುದರಿಂದ ಬಂದುದು. ‘ತಾರ್’ ಎಂಬ ಧ್ವನಿಸಾಮ್ಯವನ್ನು ನೋಡಿ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವವರು ಹಲವರಿದ್ದಾರೆ. ನಿರುಕ್ತಿಯ ವಿಷಯದಲ್ಲಿ ಕಿವಿಯೊಂದನ್ನೇ ನಂಬಬಾರದೆಂಬುದಕ್ಕೆ ಈ ಜೋಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ವಾದ್ಯ ಪರದೇಶದ್ದಾದರೂ ಅದರ ಅಂಗಗಳಿಗೆ ಹೆಸರಿಡಲು ಕನ್ನಡವು ತಡವರಿಸಬೇಕಾಗಿಲ್ಲ. ವೀಣೆಯನ್ನು ನುಡಿಸುವವರು ಅವೆಲ್ಲವನ್ನೂ ಆಗಲೇ ಕೊಟ್ಟಿದ್ದಾರೆ. ತಂತಿಯನ್ನು ಬಿಗಿಮಾಡುವ ತಿರುಗಣೆಗೆ ಬಿರಡೆ, ತಂತಿಯನ್ನು ಹೊತ್ತು ನಿಲ್ಲುವ ಸಣ್ಣ ಪಟ್ಟಿಗೆ ಕುದುರೆ, ಉದ್ದನೆಯ ಕತ್ತಿಗೆ ದಂಡಿ, ದಂಡಿಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಗೆ ಮೆಟ್ಟಿಲು. ಬೆರಳಿನಿಂದ ತಂತಿಯನ್ನು ಸೆಳೆದುಬಿಡುವ ಕ್ರಿಯೆಗೆ ‘ಮೀಟು’ ಎಂಬ ಅಚ್ಚಗನ್ನಡ ಧಾತುವಿದೆ. ಇಡಿಯ ಕ್ರಿಯೆಗೆ ದಕ್ಷಿಣದಲ್ಲಿ ‘ನುಡಿಸು’ ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯವರು ‘ಬಾರಿಸು’ ಎಂದಾರು, ಹಾರ್ಮೋನಿಯಂ ಅವರ ಬಾಯಲ್ಲಿ ಪೇಟಿಯಾಗುವಂತೆ. ಎರಡೂ ಶುದ್ಧವೇ. ಎರಡು ಮೆಟ್ಟಿಲುಗಳ ನಡುವಣ ಜಾಗಕ್ಕೆ ‘ಮನೆ’ ಎಂಬ ಮಾತನ್ನು ಬಳಸಿದರೆ, ಚೌಕಾಬಾರ ಆಡಿದ ಯಾರಿಗೂ ಅದನ್ನು ವಿವರಿಸುವ ಅಗತ್ಯವಿಲ್ಲ.

ಕೈಕೊಡುವ ಶಬ್ದ ಒಂದೇ: ಹಲವು ಸ್ವರಗಳನ್ನು ಏಕಕಾಲಕ್ಕೆ ನುಡಿಸುವ ಗುಂಪಿಗೆ ಏನೆನ್ನಬೇಕು? ‘ಮೇಳ’ ಎಂದರೆ ಕರ್ನಾಟಕ ಸಂಗೀತದವರಿಗೆ ಎಪ್ಪತ್ತೆರಡು ಮೇಳಕರ್ತಗಳು ನೆನಪಾಗುತ್ತವೆ. ಕಾಸರಗೋಡಿನವರಿಗೆ ಯಕ್ಷಗಾನದ ಮೇಳ. ‘ಸ್ವರಗುಚ್ಛ’ ಅಂದವಾಗಿದೆ, ಆದರೆ ಯಾರೂ ಆಡುವುದಿಲ್ಲ. ಇಂತಹ ಕಡೆ ‘ಕಾರ್ಡ್’ ಎಂದೇ ಬರೆಯುವುದು ಲೇಸು. ಪಡಿತರದ ಕಾರ್ಡಿಗೂ ಇದಕ್ಕೂ ಕನ್ನಡ ಲಿಪಿಯಲ್ಲಿ ಭೇದವಿಲ್ಲ ನಿಜ. ಸಂದರ್ಭ ಅದನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಸಣ್ಣ ತೊಡಕು ಅಕ್ಷರಗಳದು. ಇಂಗ್ಲಿಷಿನ ಮೊದಲ ಅಕ್ಷರ ಕನ್ನಡದಲ್ಲಿ ‘ಎ’, ಐದನೆಯದು ‘ಇ’. ಕೇಳಿ ಬರೆದುಕೊಳ್ಳುವ ಮಗು ಇವೆರಡನ್ನು ಅದಲುಬದಲು ಮಾಡಿದರೆ ಇಡೀ ಹಾಡು ಕೆಡುತ್ತದೆ. ಆದುದರಿಂದ ಮೊದಲ ಪಾಠದಲ್ಲಿಯೇ ಹೆಸರಿನೊಂದಿಗೆ ಕೈಯ ಚಿತ್ರವನ್ನೂ ಕೊಡಬೇಕಾಗುತ್ತದೆ.

ಕಾಣದ ಶಿಷ್ಯನಿಗೆ ಪಾಠ

ಗುರುವಿನ ಎದುರು ಕೂರದೆ ತಂತಿವಾದ್ಯ ಕಲಿಯುವ ಆಸೆ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಸ್ಪೇನಿನ ಲೂಯಿಸ್ ಮಿಲಾನ್ ಎಂಬುವನು 1536ರಲ್ಲಿ ವೆಲೆನ್ಸಿಯಾದಲ್ಲಿ ‘ಎಲ್ ಮಾಯೆಸ್ತ್ರೊ’, ಅಂದರೆ ‘ಗುರು’, ಎಂಬ ಹೆಸರಿನ ಪುಸ್ತಕವನ್ನೇ ಮುದ್ರಿಸಿದನು. ಗಿಟಾರಿನ ಹತ್ತಿರದ ಬಂಧುವಾದ ವಿಹ್ವೇಲಾ ಎಂಬ ವಾದ್ಯಕ್ಕಾಗಿ ಬರೆದ ಆ ಪುಸ್ತಕದಲ್ಲಿ ರಚನೆಗಳು ಸುಲಭದಿಂದ ಕಠಿಣಕ್ಕೆ ಸಾಗುತ್ತವೆ. ತಂತಿಗೊಂದರಂತೆ ಗೆರೆ ಎಳೆದು, ಯಾವ ಮನೆಯಲ್ಲಿ ಬೆರಳಿಡಬೇಕೆಂಬುದನ್ನು ಗೆರೆಯ ಮೇಲೆ ಅಂಕಿಯಿಂದ ಸೂಚಿಸುವ ಲಿಪಿಯನ್ನು ಅವನು ಬಳಸಿದನು. ಇಂದು ಗಿಟಾರ್ ಕಲಿಯುವವರೆಲ್ಲ ‘ಟ್ಯಾಬ್’ ಎನ್ನುವುದು ಅದರ ವಂಶದ್ದೇ. 1957ರಲ್ಲಿ ಇಂಗ್ಲೆಂಡಿನ ಬರ್ಟ್ ವೀಡನ್ ಬರೆದ ‘ಪ್ಲೇ ಇನ್ ಎ ಡೇ’ ಎಂಬ ಕೈಪಿಡಿಯಿಂದ ಒಂದು ತಲೆಮಾರಿನ ಹುಡುಗರು ಗಿಟಾರ್ ಹಿಡಿದರು. ಮುಂದೆ ಬೀಟಲ್ಸ್ ತಂಡದಲ್ಲಿ ಪ್ರಸಿದ್ಧರಾದವರೂ ಅವರಲ್ಲಿದ್ದರು. ಒಂದೇ ದಿನದಲ್ಲಿ ನುಡಿಸಬಹುದೆಂಬ ಆ ಶೀರ್ಷಿಕೆಯ ಭರವಸೆಯನ್ನು ಮಾತ್ರ ಯಾರೂ ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಇಂದಿನ ‘ಹತ್ತು ದಿನಗಳಲ್ಲಿ ಗಿಟಾರ್’ ಮಾದರಿಯ ಜಾಹೀರಾತುಗಳಿಗೆ ಅದೇ ಪೂರ್ವಜ.

ಅಂತರ್ಜಾಲದ ಉಚಿತ ಪಾಠಗಳಲ್ಲಿ ಅಭ್ಯಾಸಯೋಗ್ಯವಾದ ಉದಾಹರಣೆ ಜಸ್ಟಿನ್ ಸ್ಯಾಂಡರ್‌ಕೋ ಅವರದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಈ ವಾದಕರು 2003ರಲ್ಲಿ ‘ಜಸ್ಟಿನ್ ಗಿಟಾರ್’ ಎಂಬ ಜಾಲತಾಣವನ್ನು ಆರಂಭಿಸಿ, 2006ರಿಂದ ಯೂಟ್ಯೂಬಿನಲ್ಲಿಯೂ ಪಾಠಗಳನ್ನು ಹಾಕತೊಡಗಿದರು. ಅವರ ಪಾಠಗಳ ಹೆಚ್ಚುಗಾರಿಕೆ ಇರುವುದು ವಾದನದ ಚಮತ್ಕಾರದಲ್ಲಿ ಅಲ್ಲ, ಕ್ರಮದಲ್ಲಿ. ಯಾವುದರ ಅನಂತರ ಯಾವುದು ಎಂಬುದನ್ನು ಅವರು ತೀರ್ಮಾನಿಸಿದ್ದಾರೆ. ಬಿಡಿ ವಿಡಿಯೊಗಳ ರಾಶಿಯಲ್ಲಿ ಕಲಿಯುವವನಿಗೆ ಸಿಗದೆ ಹೋಗುವುದು ಇದೇ. ಮಾಹಿತಿ ಎಲ್ಲೆಲ್ಲೂ ಇದೆ, ಪಠ್ಯಕ್ರಮವಿಲ್ಲ.

ಆ ಕ್ರಮದ ಆರಂಭದಲ್ಲಿ ಬರುವುದು ಎ, ಡಿ, ಇ ಎಂಬ ಮೂರು ಕಾರ್ಡುಗಳು. ಇವನ್ನು ಆರಿಸಿಕೊಂಡದ್ದಕ್ಕೆ ಕಾರಣ ಕೈಯ ಅನುಕೂಲ. ಅವರು ಹೇಳಿಕೊಡುವ ರೀತಿಯಲ್ಲಿ ಎ ಕಾರ್ಡಿನಲ್ಲಿಯೂ ಡಿ ಕಾರ್ಡಿನಲ್ಲಿಯೂ ತೋರುಬೆರಳು ಮೂರನೆಯ ತಂತಿಯ ಎರಡನೆಯ ಮನೆಯಲ್ಲಿಯೇ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅದನ್ನು ಎತ್ತಬೇಕಾಗಿಲ್ಲ. ದೋಣಿಗೆ ಲಂಗರು ಇದ್ದಂತೆ. ಇ ಕಾರ್ಡಿಗೆ ಹೋಗುವಾಗ ಅದೇ ಬೆರಳು ಅದೇ ತಂತಿಯ ಮೇಲೆ ಮೊದಲನೆಯ ಮನೆಗೆ ಹಿಂದೆ ಸರಿಯುತ್ತದೆ. ಕಾರ್ಡುಗಳು ಕೈಗೆ ಬಂದ ಮೇಲೆ ಒಂದು ನಿಮಿಷದ ಅಭ್ಯಾಸ: ಗಡಿಯಾರವನ್ನು ಮುಂದಿಟ್ಟುಕೊಂಡು ಎ ಇಂದ ಡಿಗೆ, ಡಿ ಇಂದ ಎಗೆ ಬದಲಿಸುತ್ತ ಹೋಗಿ, ನಿಮಿಷ ಮುಗಿದಾಗ ಎಷ್ಟು ಬದಲಾವಣೆಗಳಾದವೆಂದು ಬರೆದಿಡುವುದು. ಮೊದಲ ದಿನ ಎಂಟು ಬಂದರೆ ಎಂಟು. ಗುರಿ ಮೊದಲು ಮೂವತ್ತು, ಮುಂದೆ ಅರುವತ್ತು. ತಪ್ಪೆಂದು ಹೇಳಲು ಗುರು ಇಲ್ಲದ ಕೋಣೆಯಲ್ಲಿ ಆ ಸಂಖ್ಯೆಯೇ ಗುರುವಿನ ಅರ್ಧ ಕೆಲಸವನ್ನು ಮಾಡುತ್ತದೆ. ನಿನ್ನೆಗಿಂತ ಇಂದು ಮುಂದೆ ಬಂದಿದ್ದೇನೆಯೇ ಎಂಬ ಪ್ರಶ್ನೆಗೆ ಕಲಿಯುವವಳಿಗೆ ತಾನೇ ಉತ್ತರ ಕೊಟ್ಟುಕೊಳ್ಳಲು ಸಾಧ್ಯವಾಗುತ್ತದೆ.

ನಮ್ಮ ಸಂಗೀತದ ಆರಂಭಿಕ ಪಾಠಗಳೊಡನೆ ಇದನ್ನು ಹೋಲಿಸಿ ನೋಡಬೇಕು. ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕ್ರಮಪಡಿಸಿದವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಆ ರಾಗದ ಪೂರ್ವಾಂಗದಲ್ಲಿ ಸ್ವರಗಳ ನಡುವಣ ಅಂತರಗಳು ಹೇಗಿವೆಯೋ ಉತ್ತರಾಂಗದಲ್ಲಿಯೂ ಹಾಗೆಯೇ ಇವೆ. ಆದುದರಿಂದ ಅರ್ಧ ಕಲಿತ ಕಂಠಕ್ಕೆ ಉಳಿದರ್ಧ ಪರಿಚಿತವೆನಿಸುತ್ತದೆ. ಅಲ್ಲಿ ಕ್ರಮವನ್ನು ನಿರ್ಧರಿಸಿದ್ದು ಕಿವಿ ಮತ್ತು ಕಂಠ, ಇಲ್ಲಿ ಬೆರಳು. ಆದರೂ ಎರಡು ಕಡೆಯೂ ತತ್ತ್ವ ಒಂದೇ: ಒಂದು ಹೆಜ್ಜೆಯಲ್ಲಿ ಕಲಿತದ್ದರ ಒಂದು ಭಾಗ ಮುಂದಿನ ಹೆಜ್ಜೆಯಲ್ಲಿ ಬದಲಾಗದೆ ಉಳಿಯಬೇಕು.

ಮೂರು ಕಾರ್ಡುಗಳಲ್ಲಿ ಏಳು ಸ್ವರ

ಮೂರೇ ಕಾರ್ಡುಗಳಿಂದ ಅಷ್ಟೊಂದು ಹಾಡುಗಳನ್ನು ನುಡಿಸಲು ಸಾಧ್ಯವಾಗುವುದೇಕೆ ಎಂಬ ಪ್ರಶ್ನೆಯನ್ನು ಪಾಠಗಳು ಸಾಮಾನ್ಯವಾಗಿ ದಾಟಿಹೋಗುತ್ತವೆ. ಸ್ವರಗಳ ಹೆಸರು ಬಲ್ಲ ಕನ್ನಡ ವಿದ್ಯಾರ್ಥಿಗೆ ಉತ್ತರ ಅಂಗೈಯಲ್ಲಿದೆ. ಗಿಟಾರಿನ ಎ ಸ್ವರವನ್ನು, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರನ್ನು, ಷಡ್ಜವೆಂದು ಇಟ್ಟುಕೊಂಡರೆ, ಎ ಕಾರ್ಡಿನಲ್ಲಿ ಇರುವುದು ಸ, ಗ, ಪ. ಡಿ ಕಾರ್ಡಿನಲ್ಲಿ ಮ, ದ, ಸ. ಇ ಕಾರ್ಡಿನಲ್ಲಿ ಪ, ನಿ, ರಿ. ಮೂರನ್ನೂ ಒಟ್ಟುಗೂಡಿಸಿದರೆ ಶಂಕರಾಭರಣದ ಏಳು ಸ್ವರಗಳೂ ಬಂದುಬಿಡುತ್ತವೆ, ಒಂದೂ ಉಳಿಯುವುದಿಲ್ಲ. ಹಾಡಿನ ಸಾಲು ಯಾವ ಸ್ವರದ ಮೇಲೆ ನಿಲ್ಲುತ್ತದೆಯೋ ಅದು ಈ ಮೂರರಲ್ಲಿ ಯಾವುದಾದರೂ ಒಂದರೊಳಗೆ ಇದ್ದೇ ಇರುತ್ತದೆ. ಆ ಏಳು ಸ್ವರಗಳೊಳಗೆ ಸುಳಿದಾಡುವ ಸರಳ ಧಾಟಿಯ ಪದಗಳಿಗೂ ಭಾವಗೀತೆಗಳಿಗೂ ಇಷ್ಟು ಸಾಕು.

ಮಾಯಾಮಾಳವಗೌಳದಂತಹ ರಾಗಕ್ಕೆ ಬಂದರೆ ಈ ಲೆಕ್ಕ ಕೆಡುತ್ತದೆ. ಅಲ್ಲಿಯ ಶುದ್ಧ ರಿಷಭ, ಶುದ್ಧ ಧೈವತಗಳು ಈ ಕಾರ್ಡುಗಳಲ್ಲಿ ಇಲ್ಲ. ಗಮಕದ ಪ್ರಶ್ನೆಯಂತೂ ಬೇರೆಯೇ. ಗಿಟಾರಿನ ಮೆಟ್ಟಿಲುಗಳು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಕತ್ತರಿಸಿಟ್ಟಿವೆ, ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಯಾದ ಅರ್ಧಕ್ಕೆ ಬೀಳುತ್ತದೆ. ಅವುಗಳ ನಡುವೆ ಜಾರುವುದಕ್ಕೆ ತಂತಿಯನ್ನು ಎಳೆಯಬೇಕು, ಅದು ಆರಂಭಿಕರ ಕೆಲಸವಲ್ಲ. ಯಾವ ಹಾಡು ಈ ವಾದ್ಯಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಮೊದಲೇ ಹೇಳದ ಪಾಠ ಕಲಿಯುವವರನ್ನು ವೃಥಾ ಅಳಿಸುತ್ತದೆ.

ಸೂತ್ರ, ವೃತ್ತಿ, ಪ್ರಯೋಗ

ಕೇಶಿರಾಜನ ‘ಶಬ್ದಮಣಿದರ್ಪಣ’ದ ರಚನೆ ವಿದ್ಯಾರ್ಥಿಗಳಿಗೆ ತಿಳಿದಿದೆ. ಮೊದಲು ಕಂದಪದ್ಯದಲ್ಲಿ ಸೂತ್ರ, ಅನಂತರ ಗದ್ಯದಲ್ಲಿ ವೃತ್ತಿ, ಆಮೇಲೆ ಕವಿಗಳಿಂದ ಆಯ್ದ ಪ್ರಯೋಗಗಳು. ಒಳ್ಳೆಯ ಗಿಟಾರ್ ಪಾಠವೊಂದನ್ನು ಬಿಡಿಸಿ ನೋಡಿದರೆ ಇದೇ ಮೂರು ಪದರಗಳು ಕಾಣುತ್ತವೆ. ಆರು ಗೆರೆಗಳ ಮೇಲೆ ಮೂರು ಚುಕ್ಕೆಗಳಿಟ್ಟ ಕಾರ್ಡಿನ ಚಿತ್ರವೇ ಸೂತ್ರ. ಅದು ಅಡಕವಾಗಿದೆ, ನಿಖರವಾಗಿದೆ, ಆದರೆ ಅದರಿಂದಲೇ ಯಾರೂ ನುಡಿಸಲಾರರು. ಬೆರಳನ್ನು ಮೆಟ್ಟಿಲಿಗೆ ಎಷ್ಟು ಹತ್ತಿರ ಇಡಬೇಕು, ಹೆಬ್ಬೆರಳು ಎಲ್ಲಿರಬೇಕು, ಸ್ವರ ಗರಗರವೆಂದರೆ ಏನು ತಪ್ಪಾಗಿದೆ ಎಂಬ ಮಾತೆಲ್ಲ ವೃತ್ತಿ. ಹಾಡು ಪ್ರಯೋಗ. ಅಂತರ್ಜಾಲದಲ್ಲಿ ಸೂತ್ರಗಳಿಗೆ ಬರವಿಲ್ಲ, ಹಾಡುಗಳಿಗೂ ಬರವಿಲ್ಲ. ಬಡವಾಗಿರುವುದು ನಡುವಣ ವೃತ್ತಿ. ಅದು ಭಾಷೆಯ ಕೆಲಸ.

ಈ ವೃತ್ತಿಯನ್ನು ಬರೆಯುವುದರಲ್ಲಿ ಒಂದು ವಿಶೇಷ ಕಷ್ಟವಿದೆ. ಎದುರಿಗಿರುವ ಗುರು ಶಿಷ್ಯನ ಮಣಿಕಟ್ಟು ಬಾಗಿದುದನ್ನು ಕಂಡು ಕೈ ಹಿಡಿದು ತಿದ್ದುತ್ತಾನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ (1892–1944) ಅವರ ಅನಂತರ ಪುಟ್ಟರಾಜ ಗವಾಯಿಗಳೂ (1914–2010) ಅಂಧರಿಗೂ ಬಡಮಕ್ಕಳಿಗೂ ಊಟ ವಸತಿ ಸಹಿತ ಉಚಿತವಾಗಿ ಸಂಗೀತ ಕಲಿಸಿದರು. ಕಣ್ಣು ಕಾಣದ ಗುರು ಕಣ್ಣು ಕಾಣದ ಶಿಷ್ಯನಿಗೆ ವಾದ್ಯ ಕಲಿಸುವಾಗ ದೃಷ್ಟಿಯ ಬದಲು ಸ್ಪರ್ಶವಿತ್ತು, ಕಿವಿಯಿತ್ತು, ಒಂದೇ ಛಾವಣಿಯಿತ್ತು. ಪರದೆಯ ಪಾಠದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ: ಶಿಷ್ಯನಿಗೆ ಗುರು ಕಾಣುತ್ತಾನೆ, ಗುರುವಿಗೆ ಶಿಷ್ಯ ಕಾಣುವುದಿಲ್ಲ, ಕೇಳುವುದೂ ಇಲ್ಲ. ಆದುದರಿಂದ ಶಿಷ್ಯ ಮಾಡಬಹುದಾದ ತಪ್ಪನ್ನು ಗುರು ಮುಂಚಿತವಾಗಿಯೇ ಊಹಿಸಿ ಮಾತಿನಲ್ಲಿ ಇಡಬೇಕು. ‘ಇಲ್ಲಿ ನಿಮಗೆ ಎರಡನೆಯ ತಂತಿ ಕೇಳಿಸದಿರಬಹುದು, ಹಾಗಿದ್ದರೆ ಮೂರನೆಯ ತಂತಿಯ ಮೇಲಿನ ಬೆರಳು ಒರಗಿಕೊಂಡು ಅದನ್ನು ತಾಗುತ್ತಿದೆ’ ಎಂಬಂತಹ ವಾಕ್ಯ ಇಡೀ ಪಾಠದಲ್ಲಿ ಅತ್ಯಂತ ಬೆಲೆಯುಳ್ಳ ವಾಕ್ಯ. ವರ್ಷಗಟ್ಟಲೆ ಎದುರಿಗೆ ಕೂರಿಸಿಕೊಂಡು ಕಲಿಸಿದವರಿಗಲ್ಲದೆ ಅದು ಹೊಳೆಯುವುದಿಲ್ಲ. ಚೆನ್ನಾಗಿ ನುಡಿಸುವವರೆಲ್ಲ ಒಳ್ಳೆಯ ಉಚಿತ ಪಾಠ ಮಾಡಲಾರದೆ ಹೋಗುವುದಕ್ಕೆ ಕಾರಣವೂ ಇದೇ.

ವ್ಯಾಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ

ಗುರುವಿನ ಮಾತಿನಲ್ಲಿ ಅತಿ ಹೆಚ್ಚಾಗಿ ಬರುವ ಪದ ‘ಹೀಗೆ’. ಇದು, ಇಲ್ಲಿ, ಇಷ್ಟು, ಹೀಗೆ, ಇವೆಲ್ಲ ಬೆರಳು ತೋರುವ ಪದಗಳು. ತೋರುವ ಬೆರಳು ಇಲ್ಲದಿದ್ದರೆ ಅವುಗಳೊಳಗೆ ಅರ್ಥವಿಲ್ಲ. ಮುಖಾಮುಖಿ ಪಾಠದಲ್ಲಿ ‘ಹೀಗೆ ಒತ್ತು’ ಪೂರ್ಣವಾದ ವಾಕ್ಯ. ವಿಡಿಯೊದಲ್ಲಿ ಅದು ಅರೆವಾಕ್ಯ, ಏಕೆಂದರೆ ಕ್ಯಾಮೆರಾ ಒಂದೇ ಕೋನದಿಂದ ನೋಡುತ್ತದೆ, ಬೆರಳಿನ ಹಿಂಬದಿಯನ್ನು ತೋರಿಸುವುದಿಲ್ಲ. ಬರಹದಲ್ಲಿ ಅದು ಬರಿಯ ಶಬ್ದ. ಹಳಗನ್ನಡದಲ್ಲಿ ಅವಂ, ಇವಂಗಳ ನಡುವೆ ‘ಉವಂ’ ಎಂಬ ಮಧ್ಯಸ್ಥ ರೂಪವೊಂದಿತ್ತು. ಪರದೆಯ ಮೇಲಿನ ಕೈ ಹತ್ತಿರದ್ದೂ ಅಲ್ಲ, ದೂರದ್ದೂ ಅಲ್ಲ. ಆ ರೂಪ ಉಳಿದಿದ್ದರೆ ಇಂದು ಒಂದು ಉಪಯೋಗ ದೊರೆಯುತ್ತಿತ್ತೇನೋ.

‘ಮೇಲೆ’, ‘ಕೆಳಗೆ’ಗಳ ಗೊಂದಲ ಇದಕ್ಕಿಂತ ಹೆಚ್ಚಿನದು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಾಗ ಎಲ್ಲಕ್ಕಿಂತ ಮೇಲಿರುವುದು ದಪ್ಪನೆಯ ಆರನೆಯ ತಂತಿ. ಅದರ ಸ್ವರ ಮಂದ್ರ. ಎಲ್ಲಕ್ಕಿಂತ ಕೆಳಗಿರುವುದು ತೆಳುವಾದ ಮೊದಲನೆಯ ತಂತಿ. ಅದರ ಸ್ವರ ತಾರ. ಟ್ಯಾಬ್ ಲಿಪಿಯಲ್ಲಿ ಇದು ತಲೆಕೆಳಗು: ಮೇಲಿನ ಗೆರೆ ತೆಳುವಾದ ತಂತಿಗೆ ಸೇರಿದ್ದು. ಮಿಲಾನನ 1536ರ ಪುಸ್ತಕದಲ್ಲಿಯೂ ಮೇಲಿನ ಗೆರೆ ತಾರದ ತಂತಿಯದೇ. ಆದರೆ ಅವನ ಕಾಲದ ಇತರ ಸ್ಪ್ಯಾನಿಷ್ ಪುಸ್ತಕಗಳು ಇದಕ್ಕೆ ವಿರುದ್ಧವಾದ ಕ್ರಮವನ್ನು ಹಿಡಿದವು. ಸುಮಾರು ಐದು ಶತಮಾನಗಳಿಂದ ಬಗೆಹರಿಯದ ಈ ಜಗಳಕ್ಕೆ ಕನ್ನಡದಲ್ಲಿ ಸುಲಭವಾದ ಪರಿಹಾರವುಂಟು. ‘ಮೇಲಿನ ತಂತಿ’ ಎನ್ನುವುದನ್ನು ಬಿಟ್ಟು, ಕೈಗೆ ತಿಳಿಯುವಂತೆ ‘ದಪ್ಪ ತಂತಿ’, ‘ತೆಳು ತಂತಿ’ ಎನ್ನುವುದು. ಕಿವಿಯ ಮಾತು ಬಂದಾಗ ಮಂದ್ರ, ತಾರ ಎನ್ನುವುದು.

ಕೃದಂತಾವ್ಯಯಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಇಲ್ಲಿ ಅವುಗಳ ನಿಜವಾದ ಬಲವನ್ನು ಕಾಣಬಹುದು. ‘ಒತ್ತಿ ಮೀಟಿರಿ’ ಎಂಬುದು ಕ್ರಮವನ್ನು ಹೇಳುತ್ತದೆ: ಮೊದಲು ಇದು, ಆಮೇಲೆ ಅದು. ಆದರೆ ಮೀಟುವಾಗಲೂ ಬೆರಳು ಒತ್ತಿಯೇ ಇರಬೇಕೇ, ಎತ್ತಬಹುದೇ? ವಾಕ್ಯ ಹೇಳುವುದಿಲ್ಲ. ಆರಂಭಿಕರಲ್ಲಿ ಅನೇಕರು ಇಲ್ಲಿಯೇ ಬೆರಳನ್ನು ಸಡಿಲಿಸಿ ಸ್ವರವನ್ನು ಕೊಲ್ಲುತ್ತಾರೆ. ‘ಒತ್ತಿಕೊಂಡೇ ಮೀಟಿರಿ’ ಎಂದರೆ ಸಂದೇಹ ಹೋಯಿತು. ‘ಒತ್ತದೆ ಮೀಟಿರಿ’ ಎಂದರೆ ಬಿಡಿ ತಂತಿ. ‘ಮೀಟುತ್ತಲೇ ಸರಿಸಿರಿ’ ಎಂದರೆ ಎರಡು ಕ್ರಿಯೆಗಳು ಜೊತೆಯಾಗಿ. ‘ಒತ್ತಿದರೆ ಗರಗರವೆನ್ನುತ್ತದೆ’ ಎಂಬ ಪಕ್ಷಾರ್ಥದಲ್ಲಿ ತಪ್ಪಿನ ಸೂಚನೆ ಅಡಗಿದೆ. ಇಂಗ್ಲಿಷ್ ಪಾಠ ಹಲವು ಬಿಡಿ ಪದಗಳನ್ನು ಕೂಡಿಸಿ ಹೇಳುವ ಇಂತಹ ಕಾಲಸಂಬಂಧವನ್ನು ಕನ್ನಡವು ಕ್ರಿಯಾಪದದ ಬಾಲದಲ್ಲಿಯೇ ಇಟ್ಟುಕೊಂಡಿದೆ. ವಿಧ್ಯರ್ಥದಲ್ಲಿಯೂ ಆಯ್ಕೆಗಳಿವೆ: ‘ಒತ್ತು’ ಗುರುವಿನ ಸಲುಗೆ, ‘ಒತ್ತಿರಿ’ ಅಪರಿಚಿತನೊಡನೆ ಸೌಜನ್ಯ, ‘ಒತ್ತಬೇಕು’ ಪುಸ್ತಕದ ಧಾಟಿ, ‘ಒತ್ತತಕ್ಕದ್ದು’ ಸರಕಾರಿ ಕಚೇರಿಯ ನೋಟೀಸು. ಕೊನೆಯದನ್ನು ಗಿಟಾರ್ ಪಾಠದಿಂದ ದೂರವಿಡುವುದು ಒಳ್ಳೆಯದು.

ಉಚಿತವೆಂದರೆ ಯಾರಿಗೆ ಉಚಿತ

ಕಲಿಯುವವರಿಗೆ ಉಚಿತವಾದುದು ಕಲಿಸುವವರಿಗೆ ಉಚಿತವಲ್ಲ. ಹೊತ್ತು, ಕ್ಯಾಮೆರಾ, ವಿದ್ಯುತ್ತು, ಜಾಲತಾಣದ ಬಾಡಿಗೆ, ಎಲ್ಲಕ್ಕೂ ಬೆಲೆಯಿದೆ. ಸ್ಯಾಂಡರ್‌ಕೋ ಅವರ ವ್ಯವಸ್ಥೆ ನಿಂತಿರುವುದು ಕಲಿತವರು ಇಚ್ಛೆಯಿಂದ ಕೊಡುವ ಹಣ, ಪುಸ್ತಕಗಳ ಮಾರಾಟ, ಹಣ ಕೊಟ್ಟು ಪಡೆಯುವ ಆ್ಯಪ್ ಮುಂತಾದವುಗಳ ಮೇಲೆ. ಕೊಡಲಾರದವರಿಗೂ ಮೂಲ ಪಾಠಗಳು ತೆರೆದೇ ಇವೆ. ನಮ್ಮ ಕಡೆಯ ವಾರಾನ್ನದ ಪದ್ಧತಿಯಲ್ಲಿ ಊರು ವಿದ್ಯಾರ್ಥಿಯನ್ನು ಸಾಕುತ್ತಿತ್ತು. ಗೋವೆಯಲ್ಲಿ ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳು ಮಕ್ಕಳಿಗೆ ಅಕ್ಷರದ ಜೊತೆಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸಿದವು; ಮುಂದೆ ಮುಂಬಯಿಯ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ಗೋವೆಯವರು ತುಂಬಿಕೊಂಡದ್ದಕ್ಕೆ ಆ ಶಾಲೆಗಳೇ ತಳಹದಿ. ಯಾವ ಕಾಲದಲ್ಲಿಯೂ ಉಚಿತ ವಿದ್ಯೆಯ ಹಿಂದೆ ಅದರ ಖರ್ಚನ್ನು ಹೊತ್ತವರು ಯಾರೋ ಇದ್ದರು.

ಇನ್ನೊಂದು ಖರ್ಚು ಹಕ್ಕಿನದು. 1992ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಓಲ್ಗಾ’ ಎಂಬ ಗಿಟಾರ್ ಭಂಡಾರದಲ್ಲಿ ಆಸಕ್ತರು ತಾವು ಕೇಳಿ ಬರೆದ ಟ್ಯಾಬುಗಳನ್ನು ಉಚಿತವಾಗಿ ಹಂಚಿಕೊಳ್ಳುತ್ತಿದ್ದರು. ಸಂಗೀತ ಪ್ರಕಾಶಕರ ಸಂಘಟನೆಗಳು ಕೃತಿಸ್ವಾಮ್ಯದ ಪ್ರಶ್ನೆಯೆತ್ತಿದುದರಿಂದ 2006ರಲ್ಲಿ ಅದು ಮುಚ್ಚಿತು. ಕನ್ನಡದಲ್ಲಿ ಪಾಠ ಮಾಡಹೊರಡುವವರು ಇದನ್ನು ಮೊದಲೇ ಯೋಚಿಸಬೇಕು. ಭಾರತದಲ್ಲಿ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ. ದಾಸರ ಪದಗಳು, ವಚನಗಳು, ಶಿಶುನಾಳ ಶರೀಫರ (1819–1889) ತತ್ತ್ವಪದಗಳು ಎಲ್ಲರ ಸ್ವತ್ತು. ಆದರೆ ಪದ ಎಲ್ಲರದಾದ ಮಾತ್ರಕ್ಕೆ ಧಾಟಿಯೂ ಎಲ್ಲರದಾಗುವುದಿಲ್ಲ. ಶರೀಫರ ಪದಗಳಿಗೆ ಸಿ. ಅಶ್ವಥ್ (1939–2009) ಹಾಕಿದ ರಾಗಸಂಯೋಜನೆ ಅವರದು. ಅದೇ ಪದವನ್ನು ಅಜ್ಜಿಯೊಬ್ಬಳು ಭಜನೆಯಲ್ಲಿ ಹಾಡುವ ಹಳೆಯ ಧಾಟಿ ಊರಿನದು. ಗಿಟಾರಿಗೂ ಶರೀಫರಿಗೂ ಒಗ್ಗುತ್ತದೆಂಬುದನ್ನು ರಘು ದೀಕ್ಷಿತ್ ತೋರಿಸಿಕೊಟ್ಟಿದ್ದಾರೆ. ಗಡಿನಾಡಿನ ವಿದ್ಯಾರ್ಥಿಗಳಿಗೆ ಇದರಲ್ಲೊಂದು ಕ್ಷೇತ್ರಕಾರ್ಯವಿದೆ: ತಮ್ಮ ಊರಿನ ಧಾಟಿಗಳಲ್ಲಿ ಯಾವುವು ಎ, ಡಿ, ಇಗಳೊಳಗೆ ನಿಲ್ಲುತ್ತವೆಂದು ಹುಡುಕುವುದು.

ಒಂದು ಮಾದರಿ ಪಾಠ

ಎ ಕಾರ್ಡಿನಿಂದ ಡಿ ಕಾರ್ಡಿಗೆ ಹೋಗುವುದನ್ನು ‘ಹೀಗೆ’ ಎಂಬ ಪದವಿಲ್ಲದೆ ಬರೆದರೆ ಈ ರೂಪಕ್ಕೆ ಬರಬಹುದು:

“ತಂತಿಗಳನ್ನು ತೆಳುವಿನಿಂದ ದಪ್ಪಕ್ಕೆ ಒಂದರಿಂದ ಆರು ಎಂದೂ, ಮನೆಗಳನ್ನು ಬಿರಡೆಗಳ ಕಡೆಯಿಂದ ಒಂದು, ಎರಡು, ಮೂರು ಎಂದೂ ಎಣಿಸಿರಿ. ಎಡಗೈಯ ಉಗುರುಗಳು ಬೆರಳ ತುದಿಯನ್ನು ಮೀರದಂತೆ ಕತ್ತರಿಸಿಕೊಳ್ಳಿರಿ. ತೋರುಬೆರಳನ್ನು ಮೂರನೆಯ ತಂತಿಯ ಮೇಲೆ, ನಡುಬೆರಳನ್ನು ನಾಲ್ಕನೆಯದರ ಮೇಲೆ, ಉಂಗುರಬೆರಳನ್ನು ಎರಡನೆಯದರ ಮೇಲೆ ಇಡಿರಿ. ಮೂರೂ ಎರಡನೆಯ ಮನೆಯಲ್ಲಿಯೇ ಇರಲಿ. ಬೆರಳು ಮುಂದಿನ ಮೆಟ್ಟಿಲಿಗೆ ಹತ್ತಿರವಿದ್ದಷ್ಟೂ ಕಡಿಮೆ ಬಲ ಸಾಕಾಗುತ್ತದೆ. ಜಾಗ ಸಾಲದೆ ತೋರುಬೆರಳು ತುಸು ಹಿಂದೆ ಉಳಿದರೆ ಚಿಂತೆಯಿಲ್ಲ. ಒತ್ತಿಕೊಂಡೇ, ಆರನೆಯ ತಂತಿಯನ್ನು ಬಿಟ್ಟು ಐದರಿಂದ ಒಂದರವರೆಗೆ ಒಂದೊಂದಾಗಿ ಮೀಟಿರಿ. ಯಾವುದಾದರೂ ತಂತಿ ಮೂಕವಾದರೆ ಪಕ್ಕದ ಬೆರಳು ಅದಕ್ಕೆ ಒರಗಿದೆ. ಬೆರಳಿನ ಗೆಣ್ಣನ್ನು ಇನ್ನಷ್ಟು ಬಾಗಿಸಿ ತುದಿಯಲ್ಲಿ ನಿಲ್ಲಿಸಿರಿ. ಈಗ ತೋರುಬೆರಳನ್ನು ಎತ್ತದೆ, ಉಂಗುರಬೆರಳನ್ನು ಅದೇ ತಂತಿಯಲ್ಲಿ ಮೂರನೆಯ ಮನೆಗೆ ಸರಿಸಿರಿ. ನಡುಬೆರಳನ್ನು ನಾಲ್ಕನೆಯ ತಂತಿಯಿಂದ ಎತ್ತಿ ಮೊದಲನೆಯ ತಂತಿಯ ಎರಡನೆಯ ಮನೆಗೆ ತನ್ನಿರಿ. ನಾಲ್ಕರಿಂದ ಒಂದರವರೆಗೆ ಮೀಟಿರಿ. ಬೆರಳ ತುದಿ ಉರಿಯತೊಡಗಿದರೆ ಹತ್ತು ನಿಮಿಷಕ್ಕೆ ನಿಲ್ಲಿಸಿ, ಸಂಜೆ ಮತ್ತೆ ಹಿಡಿಯಿರಿ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ.”

ಇಲ್ಲಿ ‘ಬೆರಳು ಎತ್ತದೆ’, ‘ಒತ್ತಿಕೊಂಡೇ’, ‘ಮೀರದಂತೆ’ ಎಂಬ ಮೂರು ರೂಪಗಳನ್ನು ತೆಗೆದುಹಾಕಿ ಓದಿದರೆ ಪಾಠ ಎಲ್ಲಿ ಕುಸಿಯುತ್ತದೆಂಬುದು ತಿಳಿಯುತ್ತದೆ. ಎಡಗೈ ವಾದಕರಿಗೆ ಎಡ, ಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕೆಂಬ ಒಂದು ವಾಕ್ಯವನ್ನು ಮಾದರಿಯಲ್ಲಿ ಬೇಕೆಂದೇ ಬಿಡಲಾಗಿದೆ. ಅದನ್ನು ಎಲ್ಲಿ ಸೇರಿಸಿದರೆ ಓದಿನ ಓಟ ತಪ್ಪುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳೇ ನೋಡಬಹುದು.

ಅಭ್ಯಾಸ

ಇ ಕಾರ್ಡಿನಲ್ಲಿ ತೋರುಬೆರಳು ಮೂರನೆಯ ತಂತಿಯ ಮೊದಲನೆಯ ಮನೆಯಲ್ಲಿಯೂ, ನಡುಬೆರಳು ಐದನೆಯ ತಂತಿಯ ಎರಡನೆಯ ಮನೆಯಲ್ಲಿಯೂ, ಉಂಗುರಬೆರಳು ನಾಲ್ಕನೆಯ ತಂತಿಯ ಎರಡನೆಯ ಮನೆಯಲ್ಲಿಯೂ ಇರುತ್ತವೆ. ಆರು ತಂತಿಗಳನ್ನೂ ಮೀಟಲಾಗುತ್ತದೆ. ಡಿ ಕಾರ್ಡಿನಿಂದ ಇ ಕಾರ್ಡಿಗೆ ಹೋಗುವುದನ್ನು 120 ಪದಗಳಲ್ಲಿ, ತಮ್ಮ ಊರಿನ ಕನ್ನಡದಲ್ಲಿ ಬರೆಯಬೇಕು. ಇದು, ಇಲ್ಲಿ, ಹೀಗೆ, ಮೇಲೆ, ಕೆಳಗೆ ಎಂಬ ಪದಗಳನ್ನು ಬಳಸಕೂಡದು. ಬರೆದುದನ್ನು ಗಿಟಾರ್ ಮುಟ್ಟಿ ತಿಳಿಯದ ಸಹಪಾಠಿಗೆ ಓದಿ ಹೇಳಿ, ಅವನ ಅಥವಾ ಅವಳ ಬೆರಳುಗಳು ಎಲ್ಲಿಗೆ ಹೋಗಿ ನಿಂತವೆಂಬುದನ್ನು ಚಿತ್ರದಲ್ಲಿ ಗುರುತಿಸಿ, ಬರಹದೊಂದಿಗೆ ಲಗತ್ತಿಸಬೇಕು.